ಕಂಪೈಲ್ ಆಗುತ್ತದೆ, ಓಡಲ್ಲ: ಹಳೇ ಇಜೆಬಿ ಇಂಟರ್‌ಫೇಸ್‌ಗಳ ರಿಪೇರಿ

ರಿಪೇರಿಗೆ ಬಂದದ್ದು ಒಂದು ಗೋದಾಮಿನ ಸ್ಟಾಕ್ ಲೆಕ್ಕದ ಅಪ್ಲಿಕೇಶನ್. ಜಾವಾದಲ್ಲಿ ಇಜೆಬಿ (ಎಂಟರ್‌ಪ್ರೈಸ್ ಜಾವಾಬೀನ್ಸ್) ಬಳಸಿ ಬರೆದದ್ದು. ಇಜೆಬಿಯಲ್ಲಿ ಕೆಲಸ ಮಾಡುವ ಕ್ಲಾಸ್‌ಗೆ 'ಬೀನ್' ಎಂದು ಹೆಸರು. ಅದನ್ನು ನಡೆಸುವುದು ಸರ್ವರ್ ಒಳಗಿನ 'ಕಂಟೇನರ್', ಬೇರೆಯವರು ಅದನ್ನು ಕರೆಯುವುದು 'ಇಂಟರ್‌ಫೇಸ್' ಎಂಬ ಮೆಥಡ್‌ಗಳ ಪಟ್ಟಿಯ ಮೂಲಕ. ಒಂದು ಇಎಆರ್ ಫೈಲ್ (ಇಡೀ ಅಪ್ಲಿಕೇಶನ್‌ನ ಕಟ್ಟು), ಅದರೊಳಗೆ ಎರಡು ಇಜೆಬಿ ಜಾರ್ (ಬೀನ್‌ಗಳ ಕಟ್ಟು), ಒಂದು ವಾರ್ (ವೆಬ್ ಭಾಗದ ಕಟ್ಟು). ಹೊರಗೆ ಕೌಂಟರ್‌ಗಳಲ್ಲಿ ಜಾವಾದ ಕಿಟಕಿ-ಬಟನ್ ಲೈಬ್ರರಿಯಾದ ಸ್ವಿಂಗ್‌ನಲ್ಲಿ ಬರೆದ ಕ್ಲೈಂಟ್. ಇದರ ಜೊತೆಗೆ ವೇ ಬ್ರಿಡ್ಜ್ ಹತ್ತಿರದ ಕಂಪ್ಯೂಟರ್‌ನಲ್ಲಿ ಒಂದು ಚಿಕ್ಕ ಪ್ರೋಗ್ರಾಂ. ಅದರ ಸೋರ್ಸ್ ಕೋಡ್ ಯಾರ ಹತ್ತಿರವೂ ಇಲ್ಲ.

ಮೊದಲು ಬರೆದದ್ದು ಇಜೆಬಿ 2.1 ಕಾಲದಲ್ಲಿ, ಅಂದರೆ ಜಾವಾದ ಎಂಟರ್‌ಪ್ರೈಸ್ ಆವೃತ್ತಿ ಜೆ2ಇಇ 1.4 ಇದ್ದಾಗ. ಆಮೇಲೆ ಯಾರೋ 3.0ಕ್ಕೆ ಬದಲಾಯಿಸಲು ಶುರು ಮಾಡಿ ಅರ್ಧಕ್ಕೆ ಬಿಟ್ಟಿದ್ದಾರೆ. ಕೆಲವು ಬೀನ್‌ಗಳಿಗೆ ಅನೊಟೇಶನ್ (ಕೋಡ್‌ನಲ್ಲೇ @ ಹಾಕಿ ಬರೆಯುವ ಗುರುತು) ಬಂದಿದೆ. ಕೆಲವು ಇನ್ನೂ ಬೀನ್‌ಗಳ ವಿವರ ಬರೆದಿಡುವ ಇಜೆಬಿ-ಜಾರ್ ಎಕ್ಸ್‌ಎಂಎಲ್ ಫೈಲನ್ನೇ ನಂಬಿಕೊಂಡಿವೆ. ಕೆಲವಕ್ಕೆ ಎರಡೂ ಇವೆ, ಅದೇ ತಲೆನೋವು. ಇದನ್ನು ವೈಲ್ಡ್‌ಫ್ಲೈ ಎಂಬ ಜಾವಾ ಸರ್ವರ್‌ನ 26ನೇ ಆವೃತ್ತಿಯ ಮೇಲೆ, ಜಾವಾ 11ರಲ್ಲಿ ಓಡಿಸಬೇಕು. 26 ಯಾಕೆ ಅಂದರೆ, 'ಜಾವಾಎಕ್ಸ್' ಎಂದು ಶುರುವಾಗುವ ಹಳೇ ಪ್ಯಾಕೇಜ್ ಹೆಸರುಗಳನ್ನು ಒಪ್ಪುವ ಕೊನೆಯ ವೈಲ್ಡ್‌ಫ್ಲೈ ಅದು. 27ರಿಂದ ಇಜೆಬಿಯಂಥ ಸರ್ವರ್ ಪ್ಯಾಕೇಜ್‌ಗಳೆಲ್ಲ 'ಜಕಾರ್ತಾ'. ಇಂಟರ್‌ಫೇಸ್ ರಿಪೇರಿ, ಹೆಸರು ಬದಲಾವಣೆ ಎರಡನ್ನೂ ಒಟ್ಟಿಗೆ ಮಾಡಿದರೆ ಯಾವ ತಪ್ಪು ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಮೊದಲು 26.

ಕೋಡ್ ಕಂಪೈಲ್ ಮಾಡಿ ಕಟ್ಟು ಕಟ್ಟುವ ಮೇವನ್ ಬಿಲ್ಡ್ ಒಂದೇ ಏಟಿಗೆ ಪಾಸಾಯಿತು. ಸರ್ವರ್‌ಗೆ ಹಾಕಿದ ತಕ್ಷಣ ಲಾಗ್ ತುಂಬ ಎರರ್. ಜೊತೆಗಿದ್ದ ಹುಡುಗಿ ಕೇಳಿದಳು: "ಸರ್, ಕಂಪೈಲರ್ ಸುಮ್ನೆ ಇದೆ ಅಲ್ವಾ, ಸರ್ವರ್ ಯಾಕೆ ಬಯ್ತಿದೆ?"

ಸರಿಯಾದ ಪ್ರಶ್ನೆ. ಜಾವಾ ಕಂಪೈಲರ್‌ಗೆ ಗೊತ್ತಿರುವುದು ಭಾಷೆಯ ನಿಯಮ ಮಾತ್ರ. ಇಜೆಬಿಯದೇ ಇಂಟರ್‌ಫೇಸ್ ಆದ 'ಇಜೆಬಿಲೋಕಲ್‌ಆಬ್ಜೆಕ್ಟ್' ಅದರ ಕಣ್ಣಿಗೆ ಹತ್ತರಲ್ಲಿ ಹನ್ನೊಂದನೇ ಇಂಟರ್‌ಫೇಸ್. ಯಾವ ಇಂಟರ್‌ಫೇಸ್ ಯಾವುದನ್ನು ಎಕ್ಸ್‌ಟೆಂಡ್ ಮಾಡಬೇಕು, ಯಾವುದು ರಿಮೋಟ್‌ಎಕ್ಸೆಪ್ಶನ್ (ದೂರದ ಕರೆ ಕೆಟ್ಟಾಗಿನ ಎರರ್) ಎಸೆಯಬೇಕು, ಯಾವುದು ಎಸೆಯಬಾರದು, ಇದೆಲ್ಲ ಕಂಟೇನರ್‌ನ ಕಾನೂನು. ಅದನ್ನು ಮುರಿದರೆ ಗೊತ್ತಾಗುವುದು ಡಿಪ್ಲಾಯ್ ಮಾಡುವಾಗ (ಸರ್ವರ್‌ಗೆ ಹಾಕುವಾಗ), ಅಥವಾ ಇಂಜೆಕ್ಷನ್ (ಕೇಳಿದ ಬೀನನ್ನು ಕಂಟೇನರ್ ತಾನೇ ತಂದುಕೊಡುವುದು) ಹೊತ್ತಿಗೆ, ಇನ್ನೂ ಕೆಟ್ಟ ಹಣೆಬರಹ ಇದ್ದರೆ ಯಾರೋ ಬಟನ್ ಒತ್ತಿದಾಗ.

ಕೋಡ್ ಮುಟ್ಟುವ ಮೊದಲು ನಾನು ನೋಡುವುದು ಲಾಗ್‌ನಲ್ಲಿ ಒಂದೇ ಜಾಗ. ವೈಲ್ಡ್‌ಫ್ಲೈ ಪ್ರತಿಯೊಂದು ಸೆಷನ್ ಬೀನ್ ಏರಿದಾಗಲೂ 'ಡಬ್ಲ್ಯುಎಫ್‌ಎಲ್‌ವೈಇಜೆಬಿ0473' ಎಂಬ ನಂಬರಿನಡಿ ಆ ಬೀನ್‌ಗೆ ಕಟ್ಟಿದ ಜೆಎನ್‌ಡಿಐ ಹೆಸರುಗಳನ್ನೆಲ್ಲ (ಬೀನನ್ನು ಹುಡುಕುವ ವಿಳಾಸಗಳನ್ನು) ಬರೆದಿಡುತ್ತದೆ. ಇಂಗ್ಲಿಷ್ ಅಕ್ಷರ ಬಿಟ್ಟು ಬರೆದರೆ ಹೀಗಿರುತ್ತದೆ:

ಜಾವಾ:ಗ್ಲೋಬಲ್/ಗೋದಾಮು/ಸ್ಟಾಕ್-ಇಜೆಬಿ/ಸ್ಟಾಕ್‌ಬೀನ್!ಗೋದಾಮು.ಸ್ಟಾಕ್‌ರಿಮೋಟ್
ಜಾವಾ:ಆಪ್/ಸ್ಟಾಕ್-ಇಜೆಬಿ/ಸ್ಟಾಕ್‌ಬೀನ್!ಗೋದಾಮು.ಸ್ಟಾಕ್‌ರಿಮೋಟ್
ಜಾವಾ:ಮಾಡ್ಯೂಲ್/ಸ್ಟಾಕ್‌ಬೀನ್!ಗೋದಾಮು.ಸ್ಟಾಕ್‌ರಿಮೋಟ್

ಆಶ್ಚರ್ಯ ಚಿಹ್ನೆಯ ಬಲಗಡೆ ಇರುವುದೇ ಮುಖ್ಯ. ಈ ಬೀನ್ ಯಾವ ಇಂಟರ್‌ಫೇಸ್ ಮೂಲಕ ಹೊರಗೆ ಕಾಣುತ್ತದೆ ಎಂದು ಕಂಟೇನರ್ ಅರ್ಥ ಮಾಡಿಕೊಂಡಿದೆಯೋ, ಅದು ಅಲ್ಲಿದೆ. ನಾವು ಅಂದುಕೊಂಡದ್ದು ಅಲ್ಲಿ ಇಲ್ಲದಿದ್ದರೆ ತಪ್ಪು ಡಿಕ್ಲರೇಶನ್‌ನಲ್ಲೇ. ಬೀನ್ ಹೆಸರೇ ಪಟ್ಟಿಯಲ್ಲಿ ಇಲ್ಲ ಅಂದರೆ ಕಂಟೇನರ್ ಅದನ್ನು ಬೀನ್ ಅಂತಲೇ ಗುರುತಿಸಿಲ್ಲ.

ಎರಡನೇ ಇಜೆಬಿ ಜಾರ್‌ನದ್ದು ಹಾಗೇ ಆಗಿತ್ತು. ಕ್ಲಾಸ್‌ಗಳ ಮೇಲೆ, ಇದು ಬೀನ್ ಎಂದು ಹೇಳುವ @ಸ್ಟೇಟ್‌ಲೆಸ್ ಇದೆ, ಲಾಗ್‌ನಲ್ಲಿ ಮಾತ್ರ ಒಂದೂ ಹೆಸರಿಲ್ಲ. ಎಕ್ಸ್‌ಎಂಎಲ್ ಫೈಲಿನ ಮೊದಲ ಟ್ಯಾಗ್‌ನಲ್ಲಿ 'ಮೆಟಾಡೇಟಾ-ಕಂಪ್ಲೀಟ್' ಎಂಬ ಆಟ್ರಿಬ್ಯೂಟ್ 'ಟ್ರೂ' ಎಂದಿತ್ತು. ಬೀನ್‌ಗಳ ಬಗ್ಗೆ ಹೇಳುವುದೆಲ್ಲ ಈ ಫೈಲಿನಲ್ಲೇ ಇದೆ, ಅನೊಟೇಶನ್ ನೋಡಬೇಡ ಎಂದು ಅದರ ಅರ್ಥ. ಕಂಟೇನರ್ ಹೇಳಿದಂತೆ ಕೇಳಿದೆ, ಅಷ್ಟೇ. ಆ ಆಟ್ರಿಬ್ಯೂಟ್ ತೆಗೆದೆವು. ಬೀನ್‌ಗಳು ಕಾಣಿಸಿದವು.

ಅದೇ ಫೈಲಿನಲ್ಲಿ ಇನ್ನೊಂದು. 3.0ಕ್ಕೆ ಬಂದ ಬೀನ್‌ನ ಇಂಟರ್‌ಫೇಸನ್ನು 'ಲೋಕಲ್' ಟ್ಯಾಗ್ ಒಳಗೆ ಬರೆದಿದ್ದರು. ಲೋಕಲ್ ಅಂದರೆ ಅದೇ ಸರ್ವರ್ ಒಳಗಿನಿಂದ ಕರೆಯುವುದು, ರಿಮೋಟ್ ಅಂದರೆ ಹೊರಗಿನಿಂದ. ಆ ಟ್ಯಾಗ್ 2.1ರ ಲೋಕಲ್ ಇಂಟರ್‌ಫೇಸ್‌ಗೆ, ಅಂದರೆ ಇಜೆಬಿಲೋಕಲ್‌ಆಬ್ಜೆಕ್ಟ್ ಎಕ್ಸ್‌ಟೆಂಡ್ ಮಾಡಿದ್ದಕ್ಕೆ. 3.0ರ ಹೊಸ ಸಾದಾ ಇಂಟರ್‌ಫೇಸ್‌ಗೆ, ಅಂದರೆ ಬಿಸಿನೆಸ್ ಇಂಟರ್‌ಫೇಸ್‌ಗೆ ಬೇರೆ ಟ್ಯಾಗ್ ಇದೆ, 'ಬಿಸಿನೆಸ್-ಲೋಕಲ್'. ರಿಮೋಟ್ ಆದರೆ 'ಬಿಸಿನೆಸ್-ರಿಮೋಟ್'. ಎರರ್ ನೋಡಿದವರು ಟ್ಯಾಗ್ ಬದಲಾಯಿಸುವ ಬದಲು ಇಂಟರ್‌ಫೇಸ್‌ಗೆ ಇಜೆಬಿಲೋಕಲ್‌ಆಬ್ಜೆಕ್ಟ್ ಅಂಟಿಸಿಬಿಡುತ್ತಾರೆ. ಇಲ್ಲೂ ಒಂದು ಕಡೆ ಹಾಗೆ ಮಾಡಿದ್ದರು. ಬಿಸಿನೆಸ್ ಇಂಟರ್‌ಫೇಸ್ ಅದನ್ನು ಎಕ್ಸ್‌ಟೆಂಡ್ ಮಾಡಲೇಬಾರದು ಎನ್ನುವುದು ಸ್ಪೆಕ್‌ನ (ಇಜೆಬಿಯ ಅಧಿಕೃತ ನಿಯಮ ಪುಸ್ತಕದ) ಮಾತು. ನಾವು ಇಂಟರ್‌ಫೇಸ್ ಟ್ಯಾಗ್‌ಗಳನ್ನೆಲ್ಲ ಎಕ್ಸ್‌ಎಂಎಲ್‌ನಿಂದ ಕಿತ್ತು, ಬೀನ್ ಕ್ಲಾಸ್ ಮೇಲೆ ಅನೊಟೇಶನ್‌ನಲ್ಲಿ ಒಂದೇ ಕಡೆ ಬರೆದೆವು.

ಈಗ ಅಸಲಿ ವಿಷಯ. ದರದ ಬೀನ್. ಸರ್ವ್‌ಲೆಟ್‌ನಲ್ಲಿ (ವೆಬ್ ಕೋರಿಕೆಗೆ ಉತ್ತರಿಸುವ ಕ್ಲಾಸ್) ಇಂಜೆಕ್ಷನ್‌ಗೆಂದು @ಇಜೆಬಿ ಹಾಕಿ 'ದರಸರ್ವಿಸ್' ಕೇಳಿದರೆ ವೈಲ್ಡ್‌ಫ್ಲೈ 0406 ಎರರ್ ಕೊಡುತ್ತದೆ: ಈ ಇಂಟರ್‌ಫೇಸ್ ಇರುವ ಇಜೆಬಿ ಸಿಗಲಿಲ್ಲ. ಕೋಡ್ ಹೀಗಿತ್ತು:

@ಸ್ಟೇಟ್‌ಲೆಸ್
ಪಬ್ಲಿಕ್ ಕ್ಲಾಸ್ ದರಬೀನ್ ಎಕ್ಸ್‌ಟೆಂಡ್ಸ್ ಮೂಲದರಬೀನ್

ಪಬ್ಲಿಕ್ ಅಬ್‌ಸ್ಟ್ರಾಕ್ಟ್ ಕ್ಲಾಸ್ ಮೂಲದರಬೀನ್ ಇಂಪ್ಲಿಮೆಂಟ್ಸ್ ದರಸರ್ವಿಸ್

ಜಾವಾ ಪ್ರಕಾರ ದರಬೀನ್ ಒಂದು ದರಸರ್ವಿಸ್ ಹೌದು. 'ಇನ್‌ಸ್ಟನ್ಸ್‌ಆಫ್' ಹಾಕಿ ನೋಡಿದರೂ ಹೌದು ಅನ್ನುತ್ತದೆ. ಆದರೆ ಕಂಟೇನರ್ ನೋಡುವುದು ಬೀನ್ ಕ್ಲಾಸ್‌ನ ಇಂಪ್ಲಿಮೆಂಟ್ಸ್ ಸಾಲನ್ನು ಮಾತ್ರ. ಅಪ್ಪನ ಕ್ಲಾಸ್ ಏನು ಇಂಪ್ಲಿಮೆಂಟ್ ಮಾಡಿದೆ ಎನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಬೀನ್‌ನ ಮೇಲೆ ನೇರವಾಗಿ ಯಾವ ಇಂಟರ್‌ಫೇಸೂ ಇಲ್ಲ, ಹಾಗಾಗಿ ಇದು ಇಂಟರ್‌ಫೇಸ್ ಇಲ್ಲದ ಬೀನ್ ಎಂದು ತೀರ್ಮಾನ. ಲಾಗ್ ನೋಡಿದರೆ ಆಶ್ಚರ್ಯ ಚಿಹ್ನೆಯ ಬಲಗಡೆ ಇಂಟರ್‌ಫೇಸ್ ಬದಲು ದರಬೀನ್ ಕ್ಲಾಸ್‌ನದೇ ಹೆಸರು ಕೂತಿತ್ತು. ಈ ಇಂಟರ್‌ಫೇಸ್ ಇಲ್ಲದ ವ್ಯವಸ್ಥೆ ಬಂದದ್ದು 2009ರ ಇಜೆಬಿ 3.1ರಲ್ಲಿ. ಅದರಿಂದ ಅನುಕೂಲ ಜಾಸ್ತಿ, ಜೊತೆಗೆ ಇಂಥ ತಪ್ಪುಗಳು ಸದ್ದಿಲ್ಲದೆ ದಾಟಿಹೋಗುತ್ತವೆ. ಡಿಪ್ಲಾಯ್ ಮಾಡುವಾಗ ಬೀನ್ ಚೆನ್ನಾಗಿಯೇ ಏರುತ್ತದೆ, ಕೇಳುವವರಿಗೆ ಮಾತ್ರ ಸಿಗುವುದಿಲ್ಲ.

ಸರಿಪಡಿಸಲು ಎರಡು ದಾರಿ. ಬೀನ್ ಮೇಲೆ @ಲೋಕಲ್ ಹಾಕಿ ಒಳಗೆ ದರಸರ್ವಿಸ್ ಕ್ಲಾಸ್ ಹೆಸರು ಕೊಡುವುದು. ಅಥವಾ ಬೀನ್‌ನಲ್ಲೇ ಇನ್ನೊಮ್ಮೆ 'ಇಂಪ್ಲಿಮೆಂಟ್ಸ್ ದರಸರ್ವಿಸ್' ಎಂದು ಬರೆಯುವುದು. ನಾನು ಎರಡನ್ನೂ ಮಾಡುತ್ತೇನೆ. ಬರೀ @ಲೋಕಲ್ ಇದ್ದರೆ ಬೀನ್ ಆ ಇಂಟರ್‌ಫೇಸನ್ನು ಇಂಪ್ಲಿಮೆಂಟ್ ಮಾಡಲೇಬೇಕು ಅಂತ ಇಲ್ಲ. ಆಗ ಒಂದು ಮೆಥಡ್ ಬಿಟ್ಟುಹೋದರೆ ಕಂಪೈಲರ್ ತುಟಿ ಪಿಟಕ್ ಅನ್ನುವುದಿಲ್ಲ. ಇಂಪ್ಲಿಮೆಂಟ್ಸ್ ಕಂಪೈಲರ್‌ಗೆ, @ಲೋಕಲ್ ಕಂಟೇನರ್‌ಗೆ.

ಇದರ ಅಣ್ಣತಮ್ಮಂದಿರು ಇನ್ನೂ ಕೆಲವು ಸಿಕ್ಕಿದವು, ಬೇಗ ಹೇಳಿ ಮುಗಿಸುತ್ತೇನೆ. ಒಂದು ಬೀನ್ ಎರಡು ಸ್ವಂತ ಇಂಟರ್‌ಫೇಸ್ ಇಂಪ್ಲಿಮೆಂಟ್ ಮಾಡಿತ್ತು, ಯಾವುದರ ಮೇಲೂ ಅನೊಟೇಶನ್ ಇಲ್ಲ. 3.0 ಮತ್ತು 3.1ರಲ್ಲಿ ಒಂದೇ ಇಂಟರ್‌ಫೇಸ್ ಇದ್ದರೆ ಮಾತ್ರ ಅದು ತಾನಾಗಿ ಲೋಕಲ್. ಒಂದಕ್ಕಿಂತ ಹೆಚ್ಚಿದ್ದರೆ ನಾವೇ ಹೇಳಬೇಕು. ಸೀರಿಯಲೈಸಬಲ್, ಎಕ್ಸ್‌ಟರ್ನಲೈಸಬಲ್ (ಆಬ್ಜೆಕ್ಟನ್ನು ಬೈಟ್‌ಗಳಾಗಿಸಿ ಕಳಿಸಲು ಜಾವಾದಲ್ಲಿರುವ ಇಂಟರ್‌ಫೇಸ್‌ಗಳು) ಮತ್ತು ಇಜೆಬಿ ಪ್ಯಾಕೇಜ್‌ನದೇ ಇಂಟರ್‌ಫೇಸ್‌ಗಳು ಈ ಎಣಿಕೆಗೆ ಸೇರುವುದಿಲ್ಲ. 2013ರ 3.2ರಲ್ಲಿ ಈ ನಿಯಮ ಸಡಿಲವಾಯಿತು, ಏನೂ ಹೇಳದಿದ್ದರೆ ಎಲ್ಲವೂ ಲೋಕಲ್. ಆದರೂ ಬರೆದುಬಿಡುವುದು ವಾಸಿ. ಇನ್ನೊಂದು ಕಡೆ ಬೀನನ್ನು ಕ್ಲಾಸ್ ಹೆಸರಿನಲ್ಲೇ ಇಂಜೆಕ್ಟ್ ಮಾಡುತ್ತಿದ್ದರು. ಯಾವಾಗಲೋ ಅದಕ್ಕೊಂದು ಇಂಟರ್‌ಫೇಸ್ ಸೇರಿದೆ. ಇಂಟರ್‌ಫೇಸ್ ಬಂದ ಕೂಡಲೇ ಕ್ಲಾಸ್ ಹೆಸರಿನ ಬಾಗಿಲು ಮುಚ್ಚಿಹೋಗುತ್ತದೆ. ಎರಡೂ ಬೇಕಿದ್ದರೆ @ಲೋಕಲ್‌ಬೀನ್ ಹಾಕಬೇಕು. ಹಾಕಿದೆವು.

ಸ್ಟಾಕ್ ಬೀನ್‌ಗೆ ಬಂದಾಗ ಕೆಲಸ ನಿಧಾನವಾಯಿತು. ಇದನ್ನು ಒಳಗಿನ ವಾರ್ ಕೂಡ ಕರೆಯುತ್ತದೆ, ಹೊರಗಿನ ಸ್ವಿಂಗ್ ಕ್ಲೈಂಟ್ ಕೂಡ. ಮೊದಲು ಮಾಡಿದವರು 'ಸ್ಟಾಕ್‌ಆಪ್ಸ್' ಎಂಬ ಒಂದೇ ಇಂಟರ್‌ಫೇಸನ್ನು @ಲೋಕಲ್ ಎಂದೂ ಕರೆದಿದ್ದರು, @ರಿಮೋಟ್ ಎಂದೂ ಕರೆದಿದ್ದರು. ಒಂದು ಬೀನ್‌ಗೆ ಒಂದೇ ಇಂಟರ್‌ಫೇಸ್ ಲೋಕಲ್ಲೂ ರಿಮೋಟೂ ಆಗುವಂತಿಲ್ಲ. ಸುಮ್ನೆ ಹಾಕಿದ ಅಡ್ಡಿಯಲ್ಲ ಇದು. ಲೋಕಲ್ ಕರೆಯಲ್ಲಿ ಆಬ್ಜೆಕ್ಟ್ ಹಾಗೇ ಹೋಗುತ್ತದೆ, ಒಳಗೆ ಬದಲಾಯಿಸಿದರೆ ಕರೆದವನ ಕೈಯಲ್ಲಿರುವುದೂ ಬದಲಾಗುತ್ತದೆ. ರಿಮೋಟ್ ಕರೆಯಲ್ಲಿ ನಕಲು ಹೋಗುತ್ತದೆ. ಹಾಗಾಗಿ ರಿಮೋಟ್‌ನಲ್ಲಿ ಕೊಡುವ, ಪಡೆಯುವ ಎಲ್ಲ ಕ್ಲಾಸ್‌ಗಳೂ ಸೀರಿಯಲೈಸಬಲ್ ಆಗಿರಬೇಕು. ಒಂದೇ ಹೆಸರಿಗೆ ಎರಡೂ ಅರ್ಥ ಇದ್ದರೆ ಯಾವ ಕರೆಯಲ್ಲಿ ಏನಾಗುತ್ತದೆ ಎಂದು ಯಾರೂ ಹೇಳಲಾಗದು.

ಇದಕ್ಕೆ ಎಲ್ಲರೂ ಮಾಡುವ ಉಪಾಯವನ್ನೇ ಮಾಡಿದೆವು. ಸ್ಟಾಕ್‌ಆಪ್ಸ್ ಅನ್ನು ಅನೊಟೇಶನ್ ಇಲ್ಲದ ಸಾದಾ ಇಂಟರ್‌ಫೇಸ್ ಮಾಡಿ, ಅದರ ಕೆಳಗೆ ಎರಡು ಖಾಲಿ ಮಕ್ಕಳು: ಸ್ಟಾಕ್‌ಲೋಕಲ್ ಮತ್ತು ಸ್ಟಾಕ್‌ರಿಮೋಟ್. ಬೀನ್ ಎರಡನ್ನೂ ಇಂಪ್ಲಿಮೆಂಟ್ ಮಾಡುತ್ತದೆ.

ಇಷ್ಟಕ್ಕೆ ಮುಗಿಯಲಿಲ್ಲ. ವಾರ್‌ನಲ್ಲಿ ಕೆಲವು ಫೀಲ್ಡ್‌ಗಳು ಸ್ಟಾಕ್‌ಆಪ್ಸ್ ಟೈಪಿನಲ್ಲೇ ಇದ್ದವು. ಮತ್ತೆ 0406. ತಾಯಿ ಇಂಟರ್‌ಫೇಸ್‌ನ ಮೆಥಡ್‌ಗಳು ಮಕ್ಕಳ ಮೂಲಕ ಸಿಗುತ್ತವೆ ನಿಜ, ಆದರೆ ತಾಯಿಯ ಹೆಸರು ಹೇಳಿ ಬೀನ್ ಕೇಳಿದರೆ ಕಂಟೇನರ್‌ಗೆ ಗೊತ್ತಿಲ್ಲ. ಫೀಲ್ಡ್‌ಗಳನ್ನು ಸ್ಟಾಕ್‌ಲೋಕಲ್ ಮಾಡಿದೆವು.

ಆಮೇಲೆ ಬಂದದ್ದು ನನಗೆ ತುಂಬ ಇಷ್ಟವಾದ ಎರರ್. ರಿಪೋರ್ಟ್ ಮಾಡುವ ಒಂದು ಹಳೇ ಕ್ಲಾಸ್ ಇಂಜೆಕ್ಷನ್ ಬಳಸದೆ 'ಜಾವಾ:ಗ್ಲೋಬಲ್/ಗೋದಾಮು/ಸ್ಟಾಕ್-ಇಜೆಬಿ/ಸ್ಟಾಕ್‌ಬೀನ್' ಎಂದು ಹುಡುಕುತ್ತಿತ್ತು. ನಾವು ಇಂಟರ್‌ಫೇಸ್ ಎರಡು ಮಾಡಿದ ಮೇಲೆ ಅದಕ್ಕೆ ನೇಮ್‌ನಾಟ್‌ಫೌಂಡ್‌ಎಕ್ಸೆಪ್ಶನ್. ಬೀನ್ ಹೆಸರು ಬದಲಾಗಿಲ್ಲ, ಜಾರ್ ಹೆಸರು ಬದಲಾಗಿಲ್ಲ, ಮತ್ತೆ ಹೆಸರು ಎಲ್ಲಿ ಹೋಯಿತು? ಉತ್ತರ 3.1ರ ಸ್ಪೆಕ್‌ನಲ್ಲೇ ಇದೆ. ಆಶ್ಚರ್ಯ ಚಿಹ್ನೆ ಇಲ್ಲದ ಚಿಕ್ಕ ಹೆಸರು ಬೀನ್‌ಗೆ ಒಂದೇ ಬಾಗಿಲಿದ್ದಾಗ ಮಾತ್ರ ಸಿಗುತ್ತದೆ. ಎರಡನೇ ಇಂಟರ್‌ಫೇಸ್ ಸೇರಿಸಿದ ಕೂಡಲೇ ಚಿಕ್ಕ ಹೆಸರು ಮಾಯ, ಉದ್ದ ಹೆಸರು ಮಾತ್ರ ಉಳಿಯುತ್ತದೆ. ಅಂದರೆ ಬೀನ್‌ಗೆ ಇನ್ನೊಂದು ಇಂಟರ್‌ಫೇಸ್ ಸೇರಿಸುವುದು ನೋಡಲು ನಿರಪಾಯದ ಬದಲಾವಣೆ, ಆದರೆ ಬೇರೆಲ್ಲೋ ಇರುವ ಕೋಡನ್ನು ಮುರಿಯುತ್ತದೆ. ಪ್ರಾಜೆಕ್ಟ್ ಪೂರ್ತಿ ಚಿಕ್ಕ ಹೆಸರುಗಳನ್ನು ಹುಡುಕಿ ಉದ್ದ ಮಾಡಿದೆವು.

ರಿಮೋಟ್‌ಎಕ್ಸೆಪ್ಶನ್ ಕಥೆ ಇನ್ನು. 2.1ರಲ್ಲಿ ರಿಮೋಟ್ ಇಂಟರ್‌ಫೇಸ್ ಇಜೆಬಿಆಬ್ಜೆಕ್ಟ್ ಎಕ್ಸ್‌ಟೆಂಡ್ ಮಾಡಬೇಕಿತ್ತು, ಪ್ರತಿ ಮೆಥಡ್ ರಿಮೋಟ್‌ಎಕ್ಸೆಪ್ಶನ್ ಎಸೆಯಬೇಕಿತ್ತು. ಬೀನ್ ಕ್ಲಾಸ್ ಆ ಇಂಟರ್‌ಫೇಸನ್ನು ಇಂಪ್ಲಿಮೆಂಟ್ ಮಾಡುತ್ತಿರಲಿಲ್ಲ. ಮಾಡಿದರೆ ಇಜೆಬಿಆಬ್ಜೆಕ್ಟ್‌ನ ಗೆಟ್‌ಹ್ಯಾಂಡಲ್, ಈಸ್‌ಐಡೆಂಟಿಕಲ್ ಅಂಥವನ್ನೆಲ್ಲ ಸುಮ್ನೆ ಬರೆಯಬೇಕಾಗುತ್ತಿತ್ತು. ಹಾಗಾಗಿ ಬುದ್ಧಿವಂತರು ಮೆಥಡ್‌ಗಳನ್ನು ಮೇಲಿನ ಒಂದು ತಾಯಿ ಇಂಟರ್‌ಫೇಸ್‌ಗೆ ಹಾಕಿ, ಬೀನ್ ಕೈಯಲ್ಲಿ ಅದನ್ನು ಇಂಪ್ಲಿಮೆಂಟ್ ಮಾಡಿಸುತ್ತಿದ್ದರು. ನಮ್ಮ ಸ್ಟಾಕ್‌ಆಪ್ಸ್ ಹುಟ್ಟಿದ್ದು ಹಾಗೆ. ಅದಕ್ಕೇ ಅದರ ಮೆಥಡ್‌ಗಳ ತುದಿಯಲ್ಲೆಲ್ಲ 'ಥ್ರೋಸ್ ರಿಮೋಟ್‌ಎಕ್ಸೆಪ್ಶನ್'.

ಈಗ ಅದೇ ತಾಯಿಯ ಕೆಳಗೆ ಸ್ಟಾಕ್‌ಲೋಕಲ್ ಕೂಡ ಇದೆ. ಲೋಕಲ್ ಇಂಟರ್‌ಫೇಸ್ ರಿಮೋಟ್‌ಎಕ್ಸೆಪ್ಶನ್ ಎಸೆಯುವಂತಿಲ್ಲ. ಹೊಸ ರೀತಿಯ ರಿಮೋಟ್ ಬಿಸಿನೆಸ್ ಇಂಟರ್‌ಫೇಸ್‌ಗೂ ಅದು ಬೇಡ, ಇಂಟರ್‌ಫೇಸ್ ಆರ್‌ಎಂಐನ (ಜಾವಾದ ದೂರದ ಕರೆ ವ್ಯವಸ್ಥೆಯ) 'ರಿಮೋಟ್' ಅನ್ನು ಎಕ್ಸ್‌ಟೆಂಡ್ ಮಾಡಿದ್ದರೆ ಮಾತ್ರ ಬೇಕು. ಹಾಗಾಗಿ ತಾಯಿಯಿಂದ ತೆಗೆದೆವು. ಇಲ್ಲಿ ಒಂದು ಸಲ ಕಂಪೈಲರ್ ನಮ್ಮ ಕಡೆ ನಿಂತಿತು. ಬೀನ್‌ನಲ್ಲಿ ಉಳಿದಿದ್ದ ಥ್ರೋಸ್‌ಗಳಿಗೆ, ಇಂಟರ್‌ಫೇಸ್ ಎಸೆಯದ್ದನ್ನು ನೀನು ಎಸೆಯುವಂತಿಲ್ಲ ಎಂದಿತು. ಸ್ವಿಂಗ್ ಕ್ಲೈಂಟ್‌ನ ಕ್ಯಾಚ್ ಬ್ಲಾಕ್‌ಗಳಿಗೆ, ಈ ಎಕ್ಸೆಪ್ಶನ್ ಇಲ್ಲಿ ಬರುವುದೇ ಇಲ್ಲ ಎಂದಿತು. ಒಂದೊಂದೇ ಕೆಂಪು ಗೆರೆ ಹಿಡಿದುಕೊಂಡು ಹೋದರೆ ಸಾಕು.

ಆದರೆ ಆ ಕ್ಯಾಚ್‌ಗಳನ್ನು ಅಳಿಸಿ ಸುಮ್ಮನಾಗಬೇಡಿ. ಮೊದಲು ನೆಟ್‌ವರ್ಕ್ ಹೋದರೆ ಕ್ಲೈಂಟ್‌ಗೆ ರಿಮೋಟ್‌ಎಕ್ಸೆಪ್ಶನ್ ಬರುತ್ತಿತ್ತು, 'ಸರ್ವರ್ ಸಿಗುತ್ತಿಲ್ಲ' ಎಂಬ ಬಾಕ್ಸ್ ಕಾಣುತ್ತಿತ್ತು. ಈಗ ಅದೇ ತೊಂದರೆ ಇಜೆಬಿಎಕ್ಸೆಪ್ಶನ್ ಆಗಿ ಬರುತ್ತದೆ. ಅದು ರನ್‌ಟೈಮ್ ಎಕ್ಸೆಪ್ಶನ್, ಹಿಡಿಯದಿದ್ದರೂ ಕಂಪೈಲರ್ ಕೇಳುವುದಿಲ್ಲ. ಬಾಕ್ಸ್ ಬರುವುದಿಲ್ಲ, ಕೌಂಟರ್‌ನವರು ಬಟನ್ ಮೇಲೆ ಬಟನ್ ಒತ್ತುತ್ತಿರುತ್ತಾರೆ. ಪ್ರತಿ ಕ್ಯಾಚ್‌ನಲ್ಲೂ ಹೆಸರು ಬದಲಾಯಿಸಿದೆವು.

ವೇ ಬ್ರಿಡ್ಜ್ ಪ್ರೋಗ್ರಾಂ ಈ ಸುಧಾರಣೆಗೆಲ್ಲ ಬಗ್ಗುವಂಥದ್ದಲ್ಲ. ಅದರಲ್ಲಿರುವುದು ಕ್ಲಾಸ್ ಫೈಲ್ ಮಾತ್ರ. ಹುಡುಕುವ ಹೆಸರು ಒಂದು ಪ್ರಾಪರ್ಟೀಸ್ ಫೈಲಿನಲ್ಲಿದೆ, ಪುಣ್ಯ. ಕ್ಲೈಂಟ್ ಜಾರ್ ತೆಗೆದು ವೈಲ್ಡ್‌ಫ್ಲೈನ ಬಿನ್/ಕ್ಲೈಂಟ್ ಫೋಲ್ಡರ್‌ನಲ್ಲಿರುವ ಜೆಬಾಸ್-ಕ್ಲೈಂಟ್ ಜಾರ್ ಇಡಬಹುದು. ಆದರೆ ಅದು ಕೇಳುವುದು 2.1ರ ಹೋಮ್ ಇಂಟರ್‌ಫೇಸ್, ಅಂದರೆ ಕ್ರಿಯೇಟ್ ಮೆಥಡ್ ಮೂಲಕ ರಿಮೋಟ್ ಇಂಟರ್‌ಫೇಸ್ ಕೊಡುವ ಬಾಗಿಲು. ಇಂಥದ್ದಕ್ಕೆ 3.0ರಲ್ಲೇ @ರಿಮೋಟ್‌ಹೋಮ್ ಎಂಬ ಅನೊಟೇಶನ್ ಇಟ್ಟಿದ್ದಾರೆ. ಹೊಸ ಬೀನ್‌ಗೆ ಹಳೇ ಹೋಮ್ ಅಂಟಿಸಬಹುದು.

ಅಂಟಿಸಿದರೂ ಆಗಲಿಲ್ಲ. ಪ್ರೋಗ್ರಾಂನ ಜಾರ್‌ನಲ್ಲಿರುವ ಹೋಮ್ ಮತ್ತು ನಮ್ಮ ಪ್ರಾಜೆಕ್ಟ್‌ನ ಹೋಮ್ ಎರಡನ್ನೂ ಕ್ಲಾಸ್ ಫೈಲ್ ಒಳಗಿನ ಮೆಥಡ್‌ಗಳನ್ನು ತೋರಿಸುವ ಜಾವಾಪಿ ಕಮಾಂಡ್‌ನಲ್ಲಿ ತೆರೆದು ಅಕ್ಕಪಕ್ಕ ಇಟ್ಟೆವು. ಕ್ರಿಯೇಟ್ ಮೆಥಡ್ ಅವರದ್ದರಲ್ಲಿ 'ಸ್ಟಾಕ್‌ಆಬ್ಜೆಕ್ಟ್' ಕೊಡುತ್ತದೆ, ನಮ್ಮದರಲ್ಲಿ 'ಸ್ಟಾಕ್‌ರಿಮೋಟ್'. ಹಿಂದೆ ಯಾರೋ ಹುಡುಕಿ-ಬದಲಾಯಿಸು ಒತ್ತಿದಾಗ ಹೋಮ್ ಕೂಡ ಸಿಕ್ಕಿಕೊಂಡಿದೆ. ಕ್ರಿಯೇಟ್ ಕೊಡಬೇಕಾದದ್ದು ಇಜೆಬಿಆಬ್ಜೆಕ್ಟ್ ಎಕ್ಸ್‌ಟೆಂಡ್ ಮಾಡಿದ ಹಳೇ ಇಂಟರ್‌ಫೇಸನ್ನೇ. ಸ್ಟೇಟ್‌ಲೆಸ್ ಬೀನ್ ಆದರೆ ಹೋಮ್‌ನಲ್ಲಿ ಒಂದೇ ಕ್ರಿಯೇಟ್ ಇರಬೇಕು, ಅದಕ್ಕೆ ಯಾವ ಆರ್ಗ್ಯುಮೆಂಟೂ ಇರಬಾರದು, ಅದು ಕ್ರಿಯೇಟ್‌ಎಕ್ಸೆಪ್ಶನ್ ಮತ್ತು ರಿಮೋಟ್‌ಎಕ್ಸೆಪ್ಶನ್ ಎರಡನ್ನೂ ಎಸೆಯಬೇಕು.

ಸ್ಟಾಕ್‌ಆಬ್ಜೆಕ್ಟ್ ಮತ್ತೆ ಬರೆಯುವಾಗ ಹುಡುಗಿ ಅದನ್ನೂ ಸ್ಟಾಕ್‌ಆಪ್ಸ್ ಕೆಳಗೆ ಹಾಕಲು ಹೊರಟಳು. ಆಗುವುದಿಲ್ಲ. ಹಳೇ ಇಂಟರ್‌ಫೇಸ್‌ನ ಮೆಥಡ್ ರಿಮೋಟ್‌ಎಕ್ಸೆಪ್ಶನ್ ಎಸೆಯಲೇಬೇಕು, ತಾಯಿ ಈಗ ಎಸೆಯುವುದಿಲ್ಲ, ತಾಯಿ ಎಸೆಯದ್ದನ್ನು ಮಗು ಸೇರಿಸಲು ಜಾವಾ ಬಿಡುವುದಿಲ್ಲ. ಹಾಗಾಗಿ ಮೆಥಡ್‌ಗಳನ್ನು ಸ್ಟಾಕ್‌ಆಬ್ಜೆಕ್ಟ್‌ನಲ್ಲಿ ಬೇರೆಯಾಗಿ, ಥ್ರೋಸ್ ಸಮೇತ ಬರೆದೆವು. ಅದೇ ಕೋಡ್ ಎರಡು ಕಡೆ ಇರುವುದು ನೋಡಲು ಚೆಂದವಲ್ಲ, ಆದರೆ ಬೇರೆ ದಾರಿ ಇಲ್ಲ. ಆ ಕಂಪ್ಯೂಟರನ್ನು ಜಾವಾ 8ರಲ್ಲೇ ಬಿಟ್ಟೆವು. ಪ್ರೋಗ್ರಾಂ ಪೋರ್ಟಬಲ್‌ರಿಮೋಟ್‌ಆಬ್ಜೆಕ್ಟ್‌ನ 'ನ್ಯಾರೋ' (ರಿಮೋಟ್ ಆಬ್ಜೆಕ್ಟನ್ನು ಬೇಕಾದ ಟೈಪಿಗೆ ತರುವ ಮೆಥಡ್) ಕರೆಯುತ್ತದೆ, ಆ ಕ್ಲಾಸ್ ಇದ್ದ ಕೋರ್ಬಾ (ಹಳೇ ದೂರದ ಕರೆ ವ್ಯವಸ್ಥೆ) ಮಾಡ್ಯೂಲನ್ನು ಜಾವಾ 11ರಲ್ಲಿ ತೆಗೆದುಹಾಕಿದ್ದಾರೆ.

ಇಷ್ಟಾದ ಮೇಲೆ ಎಲ್ಲ ಬೀನ್ ಏರಿದವು, ಲಾಗ್ ಶಾಂತ. ವಾರ್‌ನಲ್ಲಿ ರಿಪೋರ್ಟ್ ತೆರೆದರೆ ಕ್ಲಾಸ್‌ಕ್ಯಾಸ್ಟ್‌ಎಕ್ಸೆಪ್ಶನ್: ಸ್ಟಾಕ್‌ಲೋಕಲ್‌ನ ವ್ಯೂ ಕ್ಲಾಸನ್ನು (ಆ ಇಂಟರ್‌ಫೇಸ್‌ಗೆ ಕಂಟೇನರ್ ತಾನೇ ಮಾಡಿದ್ದು) ಸ್ಟಾಕ್‌ಲೋಕಲ್ ಆಗಿ ಬದಲಾಯಿಸಲು ಆಗುವುದಿಲ್ಲವಂತೆ! ಮೊದಲ ಸಲ ನೋಡಿದವರಿಗೆ ತಲೆ ಕೆಡುತ್ತದೆ. ಜಾವಾ 11ರ ಒಂದು ಉಪಕಾರ ಎಂದರೆ ಈ ಸಂದೇಶದ ಬಾಲದಲ್ಲಿ ಎರಡೂ ಕ್ಲಾಸ್‌ಗಳನ್ನು ಯಾವ ಲೋಡರ್ (ಕ್ಲಾಸನ್ನು ಮೆಮೊರಿಗೆ ತರುವ ಭಾಗ) ತಂದಿದೆ ಎಂದು ಬರೆದಿರುತ್ತದೆ. ಒಂದರ ಮುಂದೆ 'ಡಿಪ್ಲಾಯ್‌ಮೆಂಟ್.ಗೋದಾಮು.ಇಎಆರ್.ಸ್ಟಾಕ್-ಇಜೆಬಿ.ಜಾರ್', ಇನ್ನೊಂದರ ಮುಂದೆ 'ಡಿಪ್ಲಾಯ್‌ಮೆಂಟ್.ಗೋದಾಮು.ಇಎಆರ್.ವೆಬ್.ವಾರ್'. ಅಷ್ಟು ಸಾಕು. ಒಂದೇ ಇಂಟರ್‌ಫೇಸ್ ಎರಡು ಕಡೆ ಇದೆ. ಹೆಸರು ಒಂದೇ ಆದರೂ ಲೋಡರ್ ಬೇರೆ ಇದ್ದರೆ ಜಾವಾ ಕೋಡ್ ಓಡಿಸುವ ಜೆವಿಎಂಗೆ ಅವು ಬೇರೆ ಬೇರೆ ಟೈಪ್.

ವಾರ್ ಬಿಚ್ಚಿ ನೋಡಿದರೆ ವೆಬ್-ಇನ್ಫ್ ಒಳಗಿನ ಲಿಬ್‌ನಲ್ಲಿ ಇಡೀ ಸ್ಟಾಕ್ ಇಜೆಬಿ ಜಾರ್ ಕೂತಿತ್ತು. ಮೇವನ್ ಡಿಪೆಂಡೆನ್ಸಿಯಾಗಿ ಬಂದದ್ದು. ಇಂಟರ್‌ಫೇಸ್‌ಗಳನ್ನು ಬೇರೆ ಮಾಡ್ಯೂಲ್‌ಗೆ ತಂದು, ಅದರ ಜಾರನ್ನು ಇಎಆರ್‌ನ ಲಿಬ್ ಫೋಲ್ಡರ್‌ನಲ್ಲಿ ಇಟ್ಟೆವು. ಅಲ್ಲಿದ್ದರೆ ವಾರ್, ಇಜೆಬಿ ಎಲ್ಲರಿಗೂ ಒಂದೇ ಪ್ರತಿ ಕಾಣುತ್ತದೆ. ವಾರ್‌ನಲ್ಲಿ ಆ ಡಿಪೆಂಡೆನ್ಸಿಯ ಸ್ಕೋಪ್ 'ಪ್ರೊವೈಡೆಡ್' ಆಯಿತು, ಅಂದರೆ ವಾರ್ ಒಳಗೆ ಅದನ್ನು ತುಂಬಬೇಡ ಎಂದು. ರಿಪೋರ್ಟ್ ತೆರೆಯಿತು.

26ರ ಮೇಲೆ ಎಲ್ಲ ನಿಂತ ಮೇಲೆ ಒಂದು ಬೇರೆ ಬ್ರಾಂಚ್‌ನಲ್ಲಿ 27 ಪ್ರಯತ್ನಿಸಿದೆವು. ಜಕಾರ್ತಾ ಹೆಸರಿಗೆ ಹೋಗುವಾಗ ಒಂದು ವಿಚಿತ್ರ: ಹಳೇ ಇಂಪೋರ್ಟ್ ಉಳಿದ ಬೀನ್‌ಗೆ ಎರರ್ ಬರುವುದೇ ಇಲ್ಲ. ಅನೊಟೇಶನ್‌ನ ಕ್ಲಾಸ್ ಸಿಗದಿದ್ದರೆ ಜೆವಿಎಂ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ, ಸರ್ವರ್ ಹುಡುಕುವುದು ಜಕಾರ್ತಾದ @ಸ್ಟೇಟ್‌ಲೆಸ್ ಮಾತ್ರ. 0473ರ ಪಟ್ಟಿಯಲ್ಲಿ ಬೀನ್ ಕಾಣೆ, ಅದೊಂದೇ ಸುಳಿವು. ಹಾಗಂತ 'ಜಾವಾಎಕ್ಸ್' ಎಂದಿರುವುದನ್ನೆಲ್ಲ ಕಣ್ಣುಮುಚ್ಚಿ ಬದಲಾಯಿಸಿದರೂ ಕೆಟ್ಟಿತು. ನೇಮಿಂಗ್, ಎಸ್‌ಕ್ಯುಎಲ್, ಸ್ವಿಂಗ್ ಇವೆಲ್ಲ ಮೂಲ ಜಾವಾಗೆ, ಅಂದರೆ ಜಾವಾ ಎಸ್‌ಇಗೆ ಸೇರಿದವು, ಹೆಸರು ಹಳೆಯದೇ. ಟ್ರಾನ್ಸಾಕ್ಷನ್ ಪ್ಯಾಕೇಜ್‌ನಲ್ಲಿ ಯೂಸರ್‌ಟ್ರಾನ್ಸಾಕ್ಷನ್ ಜಕಾರ್ತಾಗೆ ಹೋಗುತ್ತದೆ, ಅದರೊಳಗಿನ 'ಎಕ್ಸ್‌ಎ' ಉಪಪ್ಯಾಕೇಜ್ ಹೋಗುವುದಿಲ್ಲ.

ಸ್ವಿಂಗ್ ಕ್ಲೈಂಟ್ ಆ ಬ್ರಾಂಚ್‌ನಲ್ಲಿ ಓಡುತ್ತಿದೆ. ವೇ ಬ್ರಿಡ್ಜ್ ಪ್ರೋಗ್ರಾಂನ ಕ್ಲಾಸ್ ಫೈಲ್‌ಗಳಲ್ಲಿ ಹಳೇ ಇಜೆಬಿಹೋಮ್ ಹೆಸರೇ ಕೊರೆದಿದೆ. ಅದನ್ನು ಹೊಸದಾಗಿ ಬರೆಸುವ ತನಕ ಗೋದಾಮಿನ ಸರ್ವರ್ 26ರಲ್ಲೇ ಇರುತ್ತದೆ.